ಹೆಬ್ಬಾಳದ ಬೆಳಗು

ಬಳ್ಳಾರಿ ರಸ್ತೆಯಲ್ಲಿ ಸಾಗುವವರಿಗೆ ಹೆಬ್ಬಾಳವೆಂದರೆ ಮೇಲುಸೇತುವೆ ಮತ್ತು ವಾಹನಗಳ ದಟ್ಟಣೆ. ಆದರೆ ಈ ಊರು ಬಹು ಪ್ರಾಚೀನವಾದುದು. 2018ರಲ್ಲಿ ಇಲ್ಲಿ ಬೆಳಕಿಗೆ ಬಂದ ವೀರಗಲ್ಲು ಗಂಗದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವದು. ಕೆಂಪೇಗೌಡರು ಕಟ್ಟಿಸಿದರೆಂದು ಹೆಸರಾದ ಇಲ್ಲಿಯ ಕೆರೆ ಇಂದಿಗೂ ಬೆಳ್ಳಕ್ಕಿ, ನೀರುಕಾಗೆಗಳ ಆಶ್ರಯತಾಣವಾಗಿದೆ.

ನಾವು ಇಲ್ಲಿಗೆ ಪ್ರವಾಸಿಗರಾಗಿ ಬಂದವರಲ್ಲ. ಮನೆಯಾಕೆ ಲಿಂಗೈಕ್ಯರಾದ ಬಳಿಕ ಮಗನ ಮನೆಯನ್ನು ಸೇರಿದೆವು. ಕೆಲವೇ ತಿಂಗಳಲ್ಲಿ ಬೆಳಗು ನಮಗೆ ಭಾರವಾಯಿತು. ನಸುಕಿನಲ್ಲಿಯೇ ಎಚ್ಚರವಾಗುತ್ತಿತ್ತು, ಏಳಲು ಮನಸ್ಸಿಲ್ಲ. ಸಂಜೆಯ ಹೊತ್ತಿಗೆ ತುಸು ಹಗುರ, ಮರುದಿನ ಮತ್ತೆ ಅದೇ ಪಾಡು. ಮಠದಲ್ಲಿ ಬೆಳೆದವರಾದ ನಾವು ಇದನ್ನು ಭಕ್ತಿಯ ಕೊರತೆಯೆಂದು ಬಗೆದು ಯಾರಿಗೂ ಹೇಳದಾದೆವು. ವಿಭೂತಿಗಟ್ಟಿ ಇಟ್ಟಲ್ಲಿಯೇ ಇರುವುದನ್ನು ಕಂಡು ಸೊಸೆಯೇ ವೈದ್ಯರಲ್ಲಿಗೆ ಕರೆದೊಯ್ದಳು.

ವೈದ್ಯರು ಹೇಳಿದರು: “ಇದು ಖಿನ್ನತೆಯೆಂಬ ಕಾಯಿಲೆ. ಬೆಳಿಗ್ಗೆ ಹೆಚ್ಚಿ ಸಂಜೆ ತಗ್ಗುವುದು ಕೆಲವರಲ್ಲಿ ಅದರ ಲಕ್ಷಣ. ಔಷಧ ಕೊಡುತ್ತೇನೆ. ನೀವು ದಿನವೂ ಒಂದೇ ವೇಳೆಗೆ ಎದ್ದು ಹೊರಗಿನ ಬೆಳಕಿಗೆ ಬನ್ನಿ. ಮನಸ್ಸು ಬಂದ ಮೇಲೆ ಮಾಡೋಣವೆಂದು ಕಾಯಬೇಡಿ.”

ನಮಗೆ ಮಠದ ಗಂಟೆ ನೆನಪಾಯಿತು. ಬಾಲ್ಯದಲ್ಲಿ ಆ ಗಂಟೆ ನಮ್ಮ ಮನಸ್ಸನ್ನು ಕೇಳಿ ಬಾರಿಸುತ್ತಿರಲಿಲ್ಲ. ಆದರೆ ಅಲ್ಲಿ ಜೊತೆಯಲ್ಲಿ ಏಳುವ ಬಾಲಕರಿದ್ದರು, ಇಲ್ಲಿ ನಾವು ಒಬ್ಬರೇ. ಆದ್ದರಿಂದ ಮೊಮ್ಮಗನಿಗೆ ಎಬ್ಬಿಸುವ ಕೆಲಸವನ್ನು ಒಪ್ಪಿಸಿದೆವು.

ಐದೂವರೆಗೆ ಎದ್ದು ಮುಖ ತೊಳೆಯುವುದು, ಹಾಸಿಗೆ ಮಡಚುವುದು, ಸ್ನಾನ, ವಿಭೂತಿಧಾರಣೆ, ಇಷ್ಟಲಿಂಗ ಪೂಜೆ. ಪೂಜೆಯಲ್ಲಿ ಚಿತ್ತ ನಿಲ್ಲದಿದ್ದರೆ ಐದು ನಿಮಿಷವೇ ಸಾಕು. ಬಳಿಕ ಬಿಸಿಲೇರುವ ಮುನ್ನ ಕೆರೆಯ ಕಡೆಗೆ ನಡಿಗೆ. ಬೆಳಗಿನ ಬೆಳಕು ದೇಹದ ನಿದ್ರೆ-ಎಚ್ಚರಗಳ ಲಯವನ್ನು ತಿದ್ದುತ್ತದೆ. ಮೊದಲ ವಾರ ಬೀದಿಯ ತಿರುವಿನವರೆಗಷ್ಟೇ ಹೋಗಲಾಯಿತು. ಅದನ್ನೂ ಲೆಕ್ಕಕ್ಕೆ ಹಿಡಿದೆವು. ಎರಡು ತಿಂಗಳಲ್ಲಿ ಕೆರೆಯನ್ನು ತಲುಪಿದೆವು. ಈಗಲೂ ಕೆಲವು ಬೆಳಗು ಭಾರವೇ. ಆದರೂ ಕಾಲು ತನ್ನ ಹಾದಿಯನ್ನು ಹಿಡಿಯುತ್ತದೆ, ಮನಸ್ಸು ತಡವಾಗಿ ಹಿಂಬಾಲಿಸುತ್ತದೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೇ. ಮನೆಯ ಹಿರಿಯರು ಬೆಳಿಗ್ಗೆ ಏಳದಿದ್ದರೆ ಸೋಮಾರಿತನವೆಂದು ಜರೆಯದಿರಿ. ದಿನಚರಿ ಊರುಗೋಲು ಮಾತ್ರ, ಅದು ಔಷಧಕ್ಕೆ ಬದಲಲ್ಲ. ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಲೂಬಾರದು. ಬದುಕೇ ಬೇಡವೆನಿಸಿದವರು ಒಂದು ಗಳಿಗೆಯೂ ತಡಮಾಡದೆ ಮನೆಯವರಿಗೆ ತಿಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು.

ಇಂದು ಕೆರೆಯಿಂದ ಮರಳಿದಾಗ ಸೊಸೆ ಕೇಳಿದಳು: “ಮಾವ, ಬೆಳ್ಳಕ್ಕಿ ಎಷ್ಟು ಬಂದಿದ್ದವು?” ಹನ್ನೊಂದೆಂದು ಹೇಳಿ ಪ್ರಸಾದಕ್ಕೆ ಕುಳಿತೆವು.