ಮುಂಢವಾದಿಂದ ಹಡಪಸರಕ್ಕೆ

ಪರನಾಡಿಗೆ ಹೋದವರು ಅಲ್ಲಿಯ ಗುಡಿ-ಕೋಟೆಗಳನ್ನು ನೋಡಿ ಬರುವುದು ರೂಢಿ. ಆದರೆ ಒಂದು ನಾಡಿನ ಸತ್ತ್ವವನ್ನು ಅರಿಯಬೇಕಾದರೆ ಅಲ್ಲಿಯ ಹೆಣ್ಣುಮಕ್ಕಳು ಬೀದಿಯಲ್ಲಿ ನಡೆಯುವ ರೀತಿಯನ್ನು ನೋಡಬೇಕು. ಹೊಟ್ಟೆಪಾಡಿಗಾಗಿ ವಿಜಯಪುರದ ಕಡೆಯಿಂದ ಪುಣೆಗೆ ಬಂದ ನನಗೆ ಈ ನೋಟವು ದಿನವೂ ದೊರೆಯುತ್ತದೆ.

ನಾನು ವಾಸವಾಗಿರುವುದು ಮಗರಪಟ್ಟಾದಲ್ಲಿ. ಹಿಂದೆ ಇದು ಬೇಸಾಯದ ನೆಲ. ಸುಮಾರು 120 ಒಕ್ಕಲು ಮನೆತನಗಳು ತಮ್ಮ 400 ಎಕರೆಯಷ್ಟು ಭೂಮಿಯನ್ನು ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಈ ಉಪನಗರವನ್ನು ಕಟ್ಟಿಸಿದರು. ಇಲ್ಲಿ ಮುಂಜಾನೆ ಒಬ್ಬಾಕೆ ರಾತ್ರಿಪಾಳಿ ಮುಗಿಸಿ ಕಂಪ್ಯೂಟರ್ ಕಚೇರಿಯಿಂದ ಹೊರಬರುತ್ತಾಳೆ. ಇನ್ನೊಬ್ಬಾಕೆ ಒಂಬತ್ತು ಗಜದ ಸೀರೆಗೆ ಕಚ್ಚೆ ಹಾಕಿ ಕಾಯಿಪಲ್ಲೆ ಮಾರುತ್ತಾಳೆ. ಇಬ್ಬರ ನಡೆಯಲ್ಲಿಯೂ ಅಳುಕಿಲ್ಲ. ಮರಾಠಿಗರು ಇಂಥವರನ್ನು ‘ತಾಯೀ’ ಎಂದು ಕರೆಯುತ್ತಾರೆ. ಅವರ ನುಡಿಯಲ್ಲಿ ಅದಕ್ಕೆ ಅಕ್ಕ ಎಂದರ್ಥ. ಕನ್ನಡದ ಕಿವಿಗೆ ಅದು ಅವ್ವ ಎಂದೇ ಕೇಳಿಸುತ್ತದೆ.

ಈ ಧೈರ್ಯವು ಗಾಳಿ-ನೀರಿನಿಂದ ಬಂದುದಲ್ಲ. ಅದಕ್ಕಾಗಿ ಬೆಲೆ ತೆತ್ತವರಿದ್ದಾರೆ. 1831ರಲ್ಲಿ ಹುಟ್ಟಿದ ಸಾವಿತ್ರಿಬಾಯಿ ಫುಲೆಯವರು ಮದುವೆಯಾಗಿ ಬಂದಾಗ ಅಕ್ಷರವರಿಯದ ಬಾಲೆ. ಪತಿ ಜೋತಿರಾಯರೇ ಅವರಿಗೆ ಓದು ಕಲಿಸಿದರು. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅವರು ಅಲ್ಲಿ ಶಿಕ್ಷಕಿಯಾದರು. ದಾರಿಯಲ್ಲಿ ಜನರು ಸಗಣಿ ಎರಚುತ್ತಿದ್ದುದರಿಂದ ಉಡಲು ಇನ್ನೊಂದು ಸೀರೆಯನ್ನು ಸಂಗಡ ಒಯ್ಯುತ್ತಿದ್ದರೆಂದು ಹೇಳುತ್ತಾರೆ.

1897ರಲ್ಲಿ ಪುಣೆಗೆ ಪ್ಲೇಗು ಬಡಿಯಿತು. ಅವರ ದತ್ತುಮಗ, ವೈದ್ಯ ಯಶವಂತರಾಯರು ಹಡಪಸರದ ಬಳಿ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದರು. ಮುಂಢವಾದಲ್ಲಿ ಒಬ್ಬ ಬಾಲಕನಿಗೆ ಬೇನೆ ಬಂದಾಗ ಅರವತ್ತು ದಾಟಿದ ಸಾವಿತ್ರಿಬಾಯಿಯವರು ಅವನನ್ನು ಬೆನ್ನ ಮೇಲೆ ಹೊತ್ತು ಅಲ್ಲಿಗೆ ತಂದರು. ಅದೇ ಬೇನೆ ಅವರಿಗೂ ತಗುಲಿ, ಮಾರ್ಚ್ 10ರಂದು ತೀರಿಕೊಂಡರು. ಮಗರಪಟ್ಟಾ ಇರುವುದು ಮುಂಢವಾ, ಹಡಪಸರ ಎಂಬ ಈ ಎರಡು ಊರುಗಳ ನಡುವೆಯೇ. ಸಂಜೆ ಆ ರಸ್ತೆಯಲ್ಲಿ ವಾಹನಗಳ ಸಾಲು ನಿಂತಾಗ, ಹೊರೆ ಹೊತ್ತ ಆ ಮುದುಕಿ ನನ್ನ ಕಣ್ಣ ಮುಂದೆ ಬರುತ್ತಾರೆ.

ಇದೆಲ್ಲ ಮರಾಠಿಗರ ಹಿರಿಮೆ, ನಮಗೇನು ಎನ್ನಬೇಡಿರಿ. ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಜನರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು. ಆ ತಾಯಿಯೇ ಮಗಳಿಗೆ ಗುರುವಾದಳು. ಆ ಮಗಳು 1882ರಲ್ಲಿ ಇದೇ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದಳು.

ಅಂಥ ತಾಯಂದಿರು ಇಂದಿಗೂ ಇದ್ದಾರೆ. ಕಲಬುರಗಿಯ ಕಡೆಯ ಒಬ್ಬ ಹೆಣ್ಣುಮಗಳು ಮಗರಪಟ್ಟಾದ ಮೂರು ಮನೆಗಳಲ್ಲಿ ಅಡಿಗೆ ಮಾಡುತ್ತಾಳೆ. ಹತ್ತನೆಯ ತರಗತಿಯಾದೊಡನೆ ಮಗಳ ಮದುವೆ ಮಾಡಿಬಿಡೆಂದು ಬಂಧುಗಳು ಒತ್ತಾಯಿಸಿದಾಗ ಆಕೆ ನನ್ನ ಬಳಿಗೆ ಬಂದಳು. “ನನ್ನ ಹೆಬ್ಬೆಟ್ಟು ನನ್ನ ಕೂಡನ ಹೋಗಲಿರಿ, ಗುರುಗಳ. ಮಗಳಿಗೆ ಅದು ಬ್ಯಾಡ. ಕಾಲೇಜಿಗೆ ಹಾಕೋ ದಾರಿ ಹೇಳ್ರಿ” ಎಂದಳು. ಆ ಹುಡುಗಿ ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳ ಶುಲ್ಕವನ್ನು ತಾಯಿಯು ತಿಂಗಳು ತಿಂಗಳೂ ಕೂಡಿಹಾಕಿ ತುಂಬುತ್ತಾಳೆ.

ವಿದ್ಯಾರ್ಥಿಗಳೇ, ಬಲವೆಂದರೆ ಗಟ್ಟಿ ದನಿಯಲ್ಲ; ಇನ್ನೊಬ್ಬರ ಭಾರವನ್ನು ಹೊರುವ ಶಕ್ತಿ. ನಿಮ್ಮನ್ನೂ ಯಾರೋ ಹೊತ್ತುದರಿಂದಲೇ ನೀವು ಈ ಶಾಲೆಯಲ್ಲಿದ್ದೀರಿ. ಗಂಡುಮಕ್ಕಳೇ, ಮನೆಯಲ್ಲಿ ಅಕ್ಕ-ತಂಗಿಯರ ಓದು ನಿಲ್ಲಿಸುವ ಮಾತು ಬಂದರೆ ನೀವು ಅವರ ಪಕ್ಷ ವಹಿಸಿರಿ. ಹೆಣ್ಣುಮಕ್ಕಳೇ, ಹೆಬ್ಬೆಟ್ಟು ಒತ್ತುವ ಅವ್ವನೋ ಅಜ್ಜಿಯೋ ಮನೆಯಲ್ಲಿದ್ದರೆ, ಈ ಬೇಸಗೆಯ ರಜೆಯಲ್ಲಿ ಅವರಿಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿರಿ.