ಕ್ರೆಡಿಟ್ಟಿಗೊಂದು ಸರಳೆ

ಸರಳೆ ವರಸೆ ಕಲಿಯಲು ಬಂದವರಲ್ಲಿ ಒಬ್ಬಳದು ಕೆಮಿಸ್ಟ್ರಿ, ಒಬ್ಬನದು ಎಕನಾಮಿಕ್ಸ್, ಇನ್ನೊಬ್ಬ ಏನು ಓದಬೇಕೆಂದು ಇನ್ನೂ ತೀರ್ಮಾನಿಸಿಯೇ ಇಲ್ಲ. ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳ ಜಾಯಮಾನವೇ ಹಾಗೆ. ಮೇಜರ್ ಯಾವುದೆಂದು ಹೇಳಲು ಸಾಮಾನ್ಯವಾಗಿ ಎರಡನೆಯ ವರ್ಷದವರೆಗೂ ಸಮಯವಿರುತ್ತದೆ. ವಿಜ್ಞಾನ ಓದುವವರೂ ಒಂದಿಷ್ಟು ಕಲೆಯ ಕ್ರೆಡಿಟ್ ಗಳಿಸಬೇಕು. ಆ ಕ್ರೆಡಿಟ್ಟಿನ ಬೆನ್ನುಹತ್ತಿ ಬಂದವರೇ ನನ್ನ ಶಿಷ್ಯರು. “ಗುರುವಾರ ಮಧ್ಯಾಹ್ನಕ್ಕೆ ಬೇರೆ ಯಾವ ಕ್ಲಾಸೂ ಹೊಂದಲಿಲ್ಲ” ಎಂದು ಒಬ್ಬ ಮುಖಕ್ಕೇ ಹೇಳಿದ. ಗುರುವನ್ನು ಹುಡುಕಿ ಊರೂರು ಅಲೆದ ವಿದ್ವಾಂಸರ ಕಥೆ ಕೇಳಿ ಬೆಳೆದವಳು ನಾನು. ನನಗೆ ಶಿಷ್ಯರನ್ನು ಒದಗಿಸುವುದು ಟೈಮ್‌ಟೇಬಲ್ಲು.

ಮೈಸೂರಿನ ಚಿಕ್ಕಮ್ಮ ಫೋನು ಮಾಡಿದಾಗಲೆಲ್ಲ ಕೇಳುತ್ತಾರೆ: “ನಿನ್ನ ಶಿಷ್ಯರು ಜೂನಿಯರ್ ಪರೀಕ್ಷೆಗೆ ಕಟ್ಟಿದ್ರೇನೇ?”

“ಇಲ್ಲ ಚಿಕ್ಕಮ್ಮ, ಸೆಮಿಸ್ಟರ್ ಮುಗೀತು, ಹೋದ್ರು.”

“ಅಷ್ಟಕ್ಕೆ ಯಾಕಮ್ಮ ಅಷ್ಟು ದೂರ ಹೋದೆ?”

ಮೊದಲ ಪಾಠ, ಎಲ್ಲರಿಗೂ ಆಗುವಂತೆ, ಮಾಯಾಮಾಳವಗೌಳ. ಒಂದು ಸಲ ಆರೋಹಣ ಮುಗಿಸುವಷ್ಟರಲ್ಲಿ ಹಿಂದಿನಿಂದ ನಗು. “ಇದು ಪಲ್ಪ್ ಫಿಕ್ಷನ್ ಸಿನಿಮಾದ್ದಲ್ಲವೆ?” ಹುಡುಗನ ಕಿವಿ ಚುರುಕಾಗಿಯೇ ಇತ್ತು. 1994ರ ಆ ಚಿತ್ರದ ಆರಂಭದಲ್ಲಿ ಡಿಕ್ ಡೇಲ್ ಗಿಟಾರಿನಲ್ಲಿ ನುಡಿಸುವ ‘ಮಿಸಿರ್ಲೂ’ ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಧಾಟಿ. ಅದರ ಸ್ವರಗಳು ಬಹುಮಟ್ಟಿಗೆ ನಮ್ಮ 15ನೆಯ ಮೇಳದವೇ. ಬೆಳಗಿನ ಜಾವ ಕಂಬಳಿ ಹೊದ್ದು ಅಭ್ಯಾಸ ಮಾಡಿದ ರಾಗಕ್ಕೆ ಹೀಗೂ ಒಂದು ನೆಂಟಸ್ತನವೆ ಎಂದು ನನಗೂ ನಗು ಬಂತು. ಕೆಮಿಸ್ಟ್ರಿಯವಳು ಮಾತ್ರ ನಗಲಿಲ್ಲ, ಬೋರ್ಡಿನ ಹತ್ತಿರ ಹೋಗಿ ಲೆಕ್ಕ ಹಾಕಿದಳು. ಸ-ರಿ-ಗ-ಮ ನಡುವೆ ಎಷ್ಟೆಷ್ಟು ಅಂತರವೋ ಪ-ದ-ನಿ-ಸ ನಡುವೆಯೂ ಅಷ್ಟಷ್ಟೇ. ಕೆಳಗಿನ ಅರ್ಧ ಗಂಟಲಿಗೆ ಬಂದರೆ ಮೇಲಿನದು ಅರ್ಧ ಬಂದಂತೆಯೇ. ಈ ರಾಗವನ್ನು ಪಾಠಕ್ಕೆ ಇಟ್ಟವರು ಪುರಂದರದಾಸರು ಎನ್ನುವುದು ಸಂಪ್ರದಾಯದ ನಂಬಿಕೆ. ಯಾರೇ ಇಟ್ಟಿರಲಿ, ಅವರು ಯೋಚಿಸಿದ್ದು ಏನೂ ಬಾರದವರ ಬಗ್ಗೆ. ಇದು ನನಗೆ ಹೊಳೆದದ್ದು ಆ ಬೋರ್ಡಿನ ಮುಂದೆ.

ಕಷ್ಟಪಟ್ಟವನು ಪಿಯಾನೋ ನುಡಿಸುವ ಒಬ್ಬ ಹುಡುಗ. ಯಾವ ಸ್ವರ ಕೇಳಿದರೂ ಅದು ಯಾವ ಮನೆಯದೆಂದು ಹೇಳಬಲ್ಲ ಕಿವಿ ಅವನದು. ನನ್ನ ಶ್ರುತಿ ಐದೂವರೆ. “ಪುಸ್ತಕದಲ್ಲಿ ಷಡ್ಜಕ್ಕೆ ಸಿ ಎಂದಿದೆ, ನೀವು ಹಾಡುತ್ತಿರುವುದು ಜಿ ಶಾರ್ಪ್” ಎಂದು ಅವನ ತಕರಾರು. ಗಂಡಸು ಇಳಿಸಿ ಹಾಡಿದರೂ ಅದು ‘ಸ’ವೇ ಎಂದರೆ ಅವನ ತಲೆ ಒಪ್ಪುತ್ತಿತ್ತು, ಕಿವಿ ಒಪ್ಪುತ್ತಿರಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಸಿ, ತಂಬೂರಿಯ ಎದುರು ಕೂರಿಸಿ, ಬರೀ ಸ-ಪ-ಸ ಹಾಡಿಸಿದೆ. ಅರ್ಧ ಸೆಮಿಸ್ಟರ್ ಅದಕ್ಕೇ ಹೋಯಿತು. ಹೋಗಲಿ, ಬಿಡಿ.

ಅಂಕ ಕೊಡುವುದು ಬೇರೆಯೇ ಸಂಕಟ. ತಾಳ ತಪ್ಪಿದರೆ ಕಳೆಯಬಹುದು. ಶ್ರುತಿಯೊಳಗೆ ಕರಗಿದ ಒಂದೇ ಒಂದು ಷಡ್ಜಕ್ಕೆ ‘ಎ’ಯೋ ‘ಬಿ ಪ್ಲಸ್ಸೋ’? ಕೊನೆಗೆ ಹಾಡುವುದಕ್ಕಿಂತ ಕೇಳುವುದಕ್ಕೆ ಹೆಚ್ಚು ಅಂಕ ಇಟ್ಟೆ. ಒಂದು ಕೃತಿ ಹಾಕುತ್ತೇನೆ. ಎಂಟು ಅಕ್ಷರದ ಆದಿತಾಳ ಕೈಯಲ್ಲಿ ನಡೆಯುತ್ತಿರಬೇಕು, ಪಲ್ಲವಿಯ ಎತ್ತುಗಡೆ ಎಲ್ಲಿ ಎಂದು ತೋರಿಸಬೇಕು. ಕಚೇರಿಯ ಮುಂದಿನ ಸಾಲಿನಲ್ಲಿ ತೊಡೆ ತಟ್ಟುವ ಎಷ್ಟೋ ರಸಿಕರು ನನ್ನ ಈ ಪರೀಕ್ಷೆಯಲ್ಲಿ ಪಾಸಾಗಲಾರರು.

ಇಂಥ ತರಗತಿಗಳ ಬಗ್ಗೆ ಯಾರಾದರೂ ಹುಬ್ಬೇರಿಸಿದರೆ ತಕ್ಷಣ ಜಾನ್ ಹಿಗ್ಗಿನ್ಸ್ ಹೆಸರು ಬರುತ್ತದೆ. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಟಿ. ರಂಗನಾಥನ್, ಟಿ. ವಿಶ್ವನಾಥನ್ ಸೋದರರಿಂದ ಕಲಿತು ‘ಹಿಗ್ಗಿನ್ಸ್ ಭಾಗವತರ್’ ಆದವರು. 1984ರಲ್ಲಿ ತೀರಿಕೊಂಡರೂ ಅವರು ಹಾಡಿದ ‘ಕೃಷ್ಣಾ ನೀ ಬೇಗನೆ ಬಾರೋ’ ಇಂದಿಗೂ ನಮ್ಮ ಮನೆಗಳಲ್ಲಿ ಕೇಳುತ್ತದೆ. ನನಗೂ ಅವರೆಂದರೆ ಭಕ್ತಿ. ಆದರೆ ಅವರನ್ನು ಮುಂದಿಟ್ಟು ವಾದ ಗೆಲ್ಲುವುದು ನನಗೆ ಒಪ್ಪಿಗೆಯಿಲ್ಲ. ಹಿಗ್ಗಿನ್ಸ್ ಮತ್ತೆ ಹುಟ್ಟದಿದ್ದರೂ ಈ ತರಗತಿ ನಡೆಯಬೇಕು. ಕಲಿತು, ಎಂದೂ ಹಾಡದೆ, ಪ್ರಯೋಗಶಾಲೆಗೋ ಬ್ಯಾಂಕಿಗೋ ಹೋಗುವವರಿಗಾಗಿಯೇ ನಡೆಯಬೇಕು.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಮಕ್ಕಳ ಸಂಗೀತ ಪಾಠ ಬಿಡಿಸುತ್ತಾರೆ. “ಇವಳೇನು ಕಚೇರಿ ಮಾಡಬೇಕೆ?” ಎನ್ನುತ್ತಾರೆ. ಆಮೇಲೆ ಸಭೆಯಲ್ಲಿ ಜನವಿಲ್ಲವೆಂದು ಅವರೇ ಕೊರಗುತ್ತಾರೆ. ಎಂಜಿನಿಯರಿಂಗ್ ಕಾಲೇಜಿನ ಪ್ರಾಂಶುಪಾಲರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬಿನ್ನಹ: ಒಂದು ಖಾಲಿ ಕೊಠಡಿ, ವಾರಕ್ಕೆರಡು ಗಂಟೆ, ಒಬ್ಬ ಮೇಷ್ಟರು, ಜೊತೆಗೆ ಕ್ರೆಡಿಟ್ಟು, ಇಷ್ಟು ಕೊಟ್ಟು ನೋಡಿ. ವರ್ಷದ ಕೊನೆಗೆ ವೇದಿಕೆ ಕಾರ್ಯಕ್ರಮ ಮಾತ್ರ ಇಡಬೇಡಿ.