ನಮ್ಮವ್ವನ ಲೆಕ್ಕದ ಪುಸ್ತಕ



ಹೋದ ವರ್ಷ ಸೆಪ್ಟೆಂಬರ್ 8, ಸಾಕ್ಷರತಾ ದಿನ. ಪ್ರಾರ್ಥನೆಯಾದ ಮೇಲೆ ಗುರುಗಳು ಹೇಳಿದರು: 1991ರ ಜನಗಣತಿಯಲ್ಲಿ ನಮ್ಮ ಕೊಡಗಿನಲ್ಲಿ 7 ವರ್ಷ ಮೇಲ್ಪಟ್ಟವರಲ್ಲಿ ಓದುಬರಹ ಬಲ್ಲವರು ನೂರಕ್ಕೆ 68 ಜನ, 2011ರಲ್ಲಿ 82ಕ್ಕೂ ಮೇಲೆ. ಹೆಂಗಸರಲ್ಲಿ ಮಾತ್ರ 78. ಉಳಿದವರಲ್ಲಿ ನಮ್ಮವ್ವನೂ ಒಬ್ಬಳು. ನಾಚಿಕೆಯಾಗಿ ತಲೆ ತಗ್ಗಿಸಿ ನಿಂತಿದ್ದೆ.

ಅವ್ವ ಕಾಫಿ ತೋಟಕ್ಕೆ ಹೋಗುತ್ತಾಳೆ. ನಾವಿರುವುದು ಲೈನ್ ಮನೆಯಲ್ಲಿ. ರೋಬಸ್ಟಾ ಕೊಯ್ಲು ಬಂದರೆ ಕೂಲಿ ಕಿಲೋ ಲೆಕ್ಕ. ಸಂಜೆ ಚೀಲ ತೂಗಿ ರೈಟರ್ ಪುಸ್ತಕದಲ್ಲಿ ಬರೆಯುತ್ತಾರೆ, ವಾರಕ್ಕೊಮ್ಮೆ ಬಟವಾಡೆ. ಕೊಟ್ಟಷ್ಟು ತಗೊಂಡು ಹೆಬ್ಬೆಟ್ಟು ಒತ್ತಿ ಬರೋದು, ಅಷ್ಟೇ. ನೋಟನ್ನು ಅವ್ವ ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದಳು.

2022ರಲ್ಲಿ ಶುರುವಾದ ನವಭಾರತ ಸಾಕ್ಷರತಾ ಕಾರ್ಯಕ್ರಮದಲ್ಲಿ 15 ವರ್ಷ ಮೇಲ್ಪಟ್ಟವರು ಕಲಿಯಬಹುದು, ವಿದ್ಯಾರ್ಥಿಗಳೂ ಕಲಿಸಬಹುದು, ಕಲಿಸುವವರಿಗೆ ಸಂಬಳವಿಲ್ಲ ಅಂತಲೂ ಗುರುಗಳು ತಿಳಿಸಿದ್ದರು. ಅವತ್ತು ರಾತ್ರಿಯೇ ಅವ್ವನ ಮುಂದೆ ಪುಸ್ತಕ ಇಟ್ಟೆ. "ಈ ವಯಸ್ಸಲ್ಲಿ ನಂಗ್ಯಾಕೆ ಮಗಾ?" ಅಂದಳು. ಆದರೂ ಕೂತಳು. ಅಂಕಿ ಬೇಗ ಬಂತು. ಅಕ್ಷರಕ್ಕೆ ತುಂಬಾ ಕಷ್ಟಪಟ್ಟಳು. ನಾನು ಒಮ್ಮೊಮ್ಮೆ ಸಿಡುಕಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ಜನವರಿಯಲ್ಲಿ ಕೊಯ್ಲು ಶುರುವಾಯಿತು. ದಿನಾ ಸಂಜೆ ಎಷ್ಟು ಕಿಲೋ ಅಂತ ಅವ್ವ ತನ್ನ ಪುಸ್ತಕದಲ್ಲಿ ಬರೆದಿಟ್ಟಳು. ಬಟವಾಡೆ ದಿನ ನೋಡಿದರೆ ಅವ್ವನ ಪುಸ್ತಕದಲ್ಲಿ ಬುಧವಾರ 84, ರೈಟರ್ ಪುಸ್ತಕದಲ್ಲಿ 48! ಕಿಲೋಗೆ 5 ರೂಪಾಯಿಯಂತೆ 36 ಕಿಲೋಗೆ 180 ರೂಪಾಯಿ. ಅವ್ವ ಜಗಳ ಆಡಲಿಲ್ಲ, ಪುಸ್ತಕ ತೋರಿಸಿದಳು. "ಬರೆಯೋವಾಗ ಅಂಕಿ ತಿರುಗಿದೆ" ಅಂತ ಅವರು ದುಡ್ಡು ಕೊಟ್ಟರು. ಬೇಕೆಂದೇ ಮಾಡಿದ್ದೋ ಮರೆವೋ, ನನಗೆ ತಿಳಿಯದು. ಅವ್ವನ ಓದಿಗೆ ನಾವು ಹಾಕಿದ ಬಂಡವಾಳ ಪುಸ್ತಕ 30, ಪೆನ್ಸಿಲ್ 5, ಒಟ್ಟು 35 ರೂಪಾಯಿ. ದೊಡ್ಡವರ ಓದಿಗೆ ಸರಕಾರ ಯಾಕೆ ಖರ್ಚು ಮಾಡಬೇಕು ಅನ್ನುವವರು ಈ ಲೆಕ್ಕ ನೋಡಲಿ.

ಈಗ ಪಕ್ಕದ ಮನೆಯ ಇಬ್ಬರು ಅಕ್ಕಂದಿರೂ ರಾತ್ರಿ ಬರುತ್ತಾರೆ. ಅವರಿಗೆ ಅಂಕಿ ಹೇಳಿಕೊಡುವವಳು ಅವ್ವನೇ.

ಆ 180 ರೂಪಾಯಿ ತಂದ ದಿನ ಅವ್ವ ಒಲೆ ಮುಂದೆ ಸುಮ್ಮನೆ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಹಿಂದಿನ ವರ್ಷಗಳದ್ದು ಎಷ್ಟು ಹೋಗಿರಬಹುದು ಮಗಾ?"

ಅದಕ್ಕೆ ಪುಸ್ತಕ ಇಲ್ಲ. ನನಗೆ ಲೆಕ್ಕ ಹಾಕಲು ಆಗಲಿಲ್ಲ.

– 9ನೇ ತರಗತಿ